ಪೂರ್ವಾನುಮತಿ ಪಡೆದ ಎಂಜಿನ್

ದೇಹ ಜೀರ್ಣವಾದಾಗ ಆತ್ಮ ಅದನ್ನು ಬಿಟ್ಟು ಇನ್ನೊಂದು ದೇಹವನ್ನು ಸೇರುತ್ತದೆ ಎಂಬ ಗಹನವಾದ ಮಾತನ್ನು ನಮ್ಮಲ್ಲಿ ಬಹಳ ಮಂದಿ ನಂಬುತ್ತಾರೆ. ಅದಕ್ಕೆ ಯಾರ ಪೂರ್ವಾನುಮತಿಯೂ ಬೇಕಿಲ್ಲ, ಹೊಗೆ ತಪಾಸಣೆಯೂ ಇಲ್ಲ. ಕಾರಿಗೆ ಮಾತ್ರ ಎರಡೂ ಬೇಕು. ಇದು ನನಗೆ ತಿಳಿದದ್ದು ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ.

ಕುಂದಗೋಳದ ನಮ್ಮ ಮನೆಯ ಮುಂದೆ ಒಂದು ಸಣ್ಣ ಪೆಟ್ರೋಲ್ ಕಾರು ನಿಂತಿರುತ್ತಿತ್ತು. ಅದರ ನೋಂದಣಿಯ ಹದಿನೈದು ವರ್ಷ ಮುಗಿಯುತ್ತ ಬಂದಿತ್ತು. ನವೀಕರಣಕ್ಕೆ ಗಾಡಿಯನ್ನು ಸಾರಿಗೆ ಕಚೇರಿಗೆ ಒಯ್ದು ತೋರಿಸಬೇಕು. ಸರಿಯಾಗಿ ಆ ಹೊತ್ತಿಗೇ ಎಂಜಿನ್ ಎಣ್ಣೆ ಕುಡಿಯುವ ಚಟ ಹಚ್ಚಿಕೊಂಡಿತು. ಚಾಲೂ ಮಾಡಿದರೆ ಹಿಂದಿನಿಂದ ನೀಲಿ ಹೊಗೆ. ಪಟ್ಟಣ ಪಂಚಾಯಿತಿಯವರು ಸೊಳ್ಳೆ ಓಡಿಸಲು ಬಂದರೆಂದು ಓಣಿಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು.

ಹೋದರೆ ಹೋಗಲಿ ಎಂದು ಬಿಡುವ ಹಾಗಿರಲಿಲ್ಲ. ನನ್ನ ಹೆಂಡತಿಯ ತಂಗಿ ಹುಬ್ಬಳ್ಳಿಯಾಚೆ ತಂಬೂರೆಂಬ ಹಳ್ಳಿಯಲ್ಲಿದ್ದಾಳೆ. ಲಕ್ವಾ ಹೊಡೆದು ಮಾತು ನಿಂತಿದೆ. ಫೋನು ಮಾಡಿದರೆ ಆ ಕಡೆಯಿಂದ ಉಸಿರು ಮಾತ್ರ ಕೇಳುತ್ತದೆ. ಎದುರು ಹೋಗಿ ಕೂತರೆ ಕೈ ಹಿಡಿದುಕೊಳ್ಳುತ್ತಾಳೆ. ವಾರಕ್ಕೊಮ್ಮೆ ಹೋಗಿ ಅವಳ ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕಿ ಬರದಿದ್ದರೆ ನನ್ನ ಹೆಂಡತಿಗೆ ಊಟ ಸೇರುವುದಿಲ್ಲ. ಬಸ್ಸಾದರೆ ಹುಬ್ಬಳ್ಳಿಯಲ್ಲಿ ಇಳಿದು ಮತ್ತೆ ಹತ್ತಬೇಕು, ಇವಳ ಮೊಣಕಾಲು ಬಸ್ಸಿನ ಮೆಟ್ಟಿಲಿಗೆ ಎಂದೋ ರಾಜೀನಾಮೆ ಕೊಟ್ಟಿವೆ. ವಾರವಾರ ಬಾಡಿಗೆ ಗಾಡಿ ಮಾಡುವುದು ಪಿಂಚಣಿಗೆ ಒಗ್ಗುವ ಮಾತಲ್ಲ. ಒಟ್ಟಿನಲ್ಲಿ, ಆ ಹೊಗೆಗಾಡಿ ರಸ್ತೆಯ ಮೇಲೆ ಉಳಿದರೆ ಮಾತ್ರ ಅಕ್ಕ ತಂಗಿಯರ ಭೇಟಿ.

ಮೆಕ್ಯಾನಿಕ್ ನಾನು ಕಲಿಸುತ್ತಿದ್ದ ಶಾಲೆಯಲ್ಲೇ ಕಲಿತವನು. ಬಾನೆಟ್ ಎತ್ತಿ ನೋಡಿ, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದ: "ಎಂಜಿನ್ ಮುಗದೈತ್ರಿ ಸರ್ರ. ಬ್ಯಾರೇದು ಕೂಡಸೂಣ್ರಿ. ನನ್ನ ಮಾತು ಕೇಳಿದ್ರ ಡೀಸೆಲ್‌ದು ಕೂಡಸ್ತೀನಿ. ಎಳಿಯೂದು ನೋಡ್ರಿ, ಅಗದಿ ಟ್ರ್ಯಾಕ್ಟರ್ ಎಳದಂಗ ಎಳೀತೈತಿ."

"ಏನು ಎಳೀಬೇಕಾಗೇತಲೇ? ಒಳಗ ಕೂಡೂದು ನನ್ನ ಹೆಂಡ್ತಿ, ನೇಗಿಲಲ್ಲ," ಎಂದೆ.

ಒಳಗಿನಿಂದ ಹೆಂಡತಿ ಕೂಗಿದಳು: "ಏನ್ರಿ, ನನ್ನ ಮೊಣಕಾಲಿಗೂ ಬ್ಯಾರೇದು ಸಿಗತೈತೇನು ಕೇಳ್ರಿ. ಡೀಸೆಲ್‌ದು ಆದ್ರೂ ನಡೀತೈತಿ."

ನಾನು ಕಾನೂನು ಕೇಳಿಯೇ ಮುಂದುವರಿಯುವ ಜಾತಿಯವನು. ಸಾರಿಗೆ ಕಚೇರಿಗೆ ಹೋಗಿ, ಒಂದು ಕಿಟಕಿಯಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಮೊದಲನೆಯದಕ್ಕೆ ಪ್ರದಕ್ಷಿಣೆ ಹಾಕಿದ ಮೇಲೆ ಇನ್ಸ್‌ಪೆಕ್ಟರ್ ಸಿಕ್ಕರು. ದಣಿದ ಮನುಷ್ಯ, ಆದರೆ ಸಮಾಧಾನದಿಂದ ತಿಳಿಸಿ ಹೇಳಿದರು. ಎಂಜಿನ್ ಅದೇ ಕಂಪನಿಯದು, ಅದೇ ಮಾಡೆಲಿನದು, ಪೆಟ್ರೋಲಿನದೇ ಆಗಿರಬೇಕು. ಹೊಗೆಯ ನಿಯಮದಲ್ಲಿ ಹಳೆಯದಕ್ಕಿಂತ ಕೆಳಗಿನದಾಗಬಾರದು. ಕಳವಿನದಲ್ಲ ಎನ್ನಲು ಕಾಗದ ಬೇಕು. ಮೊದಲು ಅನುಮತಿ, ಆಮೇಲೆ ಕೂಡಿಸುವುದು, ಆಮೇಲೆ ಗಾಡಿ ತಂದು ತೋರಿಸುವುದು. ಹೊಸ ಎಂಜಿನ್ನಿನ ನಂಬರು ಆರ್‌ಸಿಯಲ್ಲಿ ಏರಿದರೆ ಮುಗಿಯಿತು.

"ಮಂದಿ ಮೊದಲ ಕೂಡಿಸಿ ಆಮ್ಯಾಲೆ ಬರ್ತಾರ್ರಿ ಮಾಸ್ತರ್ರ. ನೀವು ಮೊದಲ ಕೇಳಾಕ ಬಂದೀರಿ," ಎಂದರು. ಹೊಗಳಿದರೋ ಮರುಗಿದರೋ ತಿಳಿಯಲಿಲ್ಲ.

ಹೇಳಿದ್ದನ್ನೆಲ್ಲ ಮಾಡಿದೆ. ಅಪಘಾತದಲ್ಲಿ ಹಿಂಭಾಗ ನಜ್ಜುಗುಜ್ಜಾದ ಅದೇ ಮಾಡೆಲಿನ ಕಾರೊಂದು ಹುಬ್ಬಳ್ಳಿಯಲ್ಲಿ ಸಿಕ್ಕಿತು. ಎಂಜಿನ್ ಚೊಕ್ಕ, ಕಾಗದ ಅದಕ್ಕಿಂತ ಚೊಕ್ಕ. ಅರ್ಜಿ ಹಾಕಿ ಕಾದೆ. ಅನುಮತಿ ಬಂತು, ಹೊಸ ಎಂಜಿನ್ನಿನ ನಂಬರು ಅದರಲ್ಲಿ ಸ್ಪಷ್ಟವಾಗಿತ್ತು. ಇಷ್ಟು ನ್ಯಾಯಬದ್ಧವಾದ ಎಂಜಿನ್ ನಮ್ಮ ತಾಲೂಕಿನಲ್ಲಿ ಇನ್ನೊಂದಿರಲಿಕ್ಕಿಲ್ಲ. ಅದನ್ನು ಮೆಕ್ಯಾನಿಕ್ಕನ ಕೈಗೊಪ್ಪಿಸಿ, ಡೀಸೆಲ್ ಬೇಡ, ಸೈಲೆನ್ಸರ್ ಬದಲಿಸಬೇಡ, ಬಣ್ಣ ಬಳಿಯಬೇಡ ಎಂದು ಮಾಡಬಾರದ್ದನ್ನೆಲ್ಲ ಹೇಳಿ ಮನೆಗೆ ಬಂದು ಮಲಗಿದೆ. ಆಫೀಸುಗಳ ತಿರುಗಾಟ ಮೈಗೆ ಹತ್ತಿತ್ತು.

ತಪಾಸಣೆಯ ದಿನ ಮೆಕ್ಯಾನಿಕ್ಕನೂ ಬಿಳಿ ಅಂಗಿ ತೊಟ್ಟು ಜೊತೆಗೆ ಬಂದ. ಹಿಂದಿನ ಸೀಟಿನಲ್ಲಿ ಹೆಂಡತಿ. ಕೆಲಸ ಮುಗಿದ ಕೂಡಲೇ ಹಾಗೇ ತಂಬೂರಿಗೆ ಹೋಗೂಣು ಎಂದು ಬುತ್ತಿ ಕಟ್ಟಿಕೊಂಡಿದ್ದಳು. ದಾರಿಯಲ್ಲೇ ಹೊಗೆ ತಪಾಸಣೆ ಮುಗಿಸಿದೆವು. ಅಲ್ಲಿಯವನು, ಇಷ್ಟು ಹಳೆಯ ಗಾಡಿ ಇಷ್ಟು ಸ್ವಚ್ಛ ಉಸಿರಾಡಿದ್ದನ್ನು ನೋಡಿಲ್ಲವೆಂದ.

ಇನ್ಸ್‌ಪೆಕ್ಟರ್ ಬಾನೆಟ್ ಎತ್ತಿಸಿ ಟಾರ್ಚ್ ಬಿಟ್ಟು ನೋಡಿದರು. ಕೈಯಲ್ಲಿದ್ದ ಅನುಮತಿ ಪತ್ರ ನೋಡಿದರು. ಮತ್ತೆ ಬಗ್ಗಿದರು.

"ಮಾಸ್ತರ್ರ, ಎಂಜಿನ್ ಬದಲೀನ ಆಗಿಲ್ಲಲ್ರಿ? ಇದರ ಮ್ಯಾಲೆ ಹಳೇ ನಂಬರೇ ಐತಿ."

ನಾನು ಬಾಯಿ ತೆರೆಯುವ ಮೊದಲೇ ಮೆಕ್ಯಾನಿಕ್ ಎದೆಯುಬ್ಬಿಸಿ ಮುಂದೆ ಬಂದ. "ಬದಲಾಗೇತ್ರಿ ಸಾಹೇಬ್ರ! ಎಂಜಿನ್ ಹೊಸಾದು. ಅದರ ನಂಬರ ತಿಕ್ಕಿ ತಗದು ನಾನ ಹಳೇ ನಂಬರ ಬಡದೀನ್ರಿ. ಒಂದೊಂದು ಅಂಕಿ ಅಳತಿ ಹಿಡದು ಬಡದೀನಿ."

"ಯಾಕಪಾ?"

"ಯಾಕಂದ್ರ? ಎತ್ತು ಸತ್ತ್ರ ಹೊಸಾ ಎತ್ತಿಗೆ ಅದರ ಹೆಸರ ಇಡೂದಿಲ್ಲೇನ್ರಿ? ಮನೀ ಹೆಸರು ಮನ್ಯಾಗ ಉಳೀಬೇಕಲ್ರಿ."

ಇದು ಅವರ ಮನೆಯ ರೂಢಿ. ನಮ್ಮ ಕಡೆ ಇನ್ನೂ ಕೆಲವು ಒಕ್ಕಲು ಮನೆಗಳಲ್ಲಿದೆ. ಜೋಡಿಯಲ್ಲಿ ಒಂದು ಎತ್ತು ಹೋದರೆ ತಂದ ಎತ್ತಿಗೆ ಹೋದದ್ದರ ಹೆಸರೇ. ಉಳಿದ ಎತ್ತಿಗೂ ಕರೆಯುವ ನಾಲಿಗೆಗೂ ತ್ರಾಸಾಗಬಾರದು ಎಂದು. ಒಳ್ಳೆಯ ರೂಢಿ. ಅಂತೂ ಅವನು ನನ್ನ ಪ್ರಾಮಾಣಿಕ ಎಂಜಿನ್ನನ್ನು ಅತ್ಯಂತ ಶ್ರದ್ಧೆಯಿಂದ ಕಳವಿನ ಮಾಲು ಮಾಡಿಕೊಟ್ಟಿದ್ದ.

ಇನ್ಸ್‌ಪೆಕ್ಟರ್ ಗ್ರೈಂಡರಿನ ಗೆರೆಗಳ ಮೇಲೆ ಬೆರಳಾಡಿಸಿದರು. ಸಿಟ್ಟಾಗಲಿಲ್ಲ, ಆಗಿದ್ದರೆ ನನಗೂ ಒಂದಿಷ್ಟು ಮಾತಾಡಲು ಜಾಗ ಸಿಗುತ್ತಿತ್ತು. "ನಂಬರ ತಿಕ್ಕಿದ್ರ ಅದು ಯಾವ ಎಂಜಿನ್ ಅಂತ ನಾ ಹೆಂಗ ಬರೀಲ್ರಿ? ನಿಯಮದ ಪ್ರಕಾರ ಪೊಲೀಸ್ರಿಗೆ ಬರೀಬೇಕು. ನೀವು ಮೊದಲ ಕೇಳಾಕ ಬಂದವರು ಅಂತ ಬಿಟ್ಟೀನಿ. ಇನ್ನೊಂದು ಎಂಜಿನ್ ತಂದು ಮೊದಲಿಂದ ಅರ್ಜಿ ಹಾಕ್ರಿ. ಇಲ್ಲಾಂದ್ರ ಗುಜರಿಗೆ ಕೊಡ್ರಿ."

"ಹಂಗಾದ್ರ ಹೊಸಾ ನಂಬರ ಮತ್ತ ಬಡದು ಕೊಡ್ಲೇನ್ರಿ ಸಾಹೇಬ್ರ?" ಎಂದ ಮೆಕ್ಯಾನಿಕ್, ಉಪಕಾರದ ಧ್ವನಿಯಲ್ಲಿ.

"ಲೇ, ನೀ ಸುಮ್ಮನಿರು," ಎಂದೆ.

ಮೊದಲಿಂದ ಎಂದರೆ ನಿಜವಾಗಿ ಮೊದಲಿಂದ. ಅದೇ ಹುಡುಕಾಟ, ಅವೇ ಕಿಟಕಿ. ನೋಂದಣಿ ಮುಗಿಯಲು ಉಳಿದ ದಿನ ಅದಕ್ಕೆ ಸಾಲುವಂತಿರಲಿಲ್ಲ. ನನ್ನ ಶಕ್ತಿಯೂ ಸಾಲುವಂತಿರಲಿಲ್ಲ.

ಕಾರಿನ ಹತ್ತಿರ ಬಂದಾಗ ಹೆಂಡತಿ ಕಿಟಕಿ ಇಳಿಸಿ ಕೇಳಿದಳು: "ಆತೇನ್ರಿ?"

"ಇಲ್ಲ."

"ಹೊಗಿ ಬರಾಕತ್ತೇತೇನು?"

"ಹೊಗಿ ಏನೂ ಇಲ್ಲ. ಅಗದಿ ಚೊಲೋ ಐತಿ."

ಅವಳು ಮೆಕ್ಯಾನಿಕ್ಕನನ್ನು ನೋಡಿದಳು. ಅವನು ಬಿಳಿ ಅಂಗಿಯ ತೋಳಿನಿಂದ ಬಾನೆಟ್ ಒರೆಸುತ್ತಿದ್ದ. ಬೈಯುತ್ತಾಳೆಂದುಕೊಂಡೆ. ಬುತ್ತಿ ಬಿಚ್ಚಿ ಒಂದು ರೊಟ್ಟಿಯ ಮೇಲೆ ಪಲ್ಯ ಹಾಕಿ ಅವನಿಗೆ ಕೊಟ್ಟು, "ತಿನ್ನಪಾ, ಮುಂಜಾನಿಂದ ಉಪವಾಸ ಅದಿ," ಎಂದಳು. ಆಮೇಲೆ ನನಗೆ ಹೇಳಿದಳು: "ಇವತ್ತೊಂದು ದಿನ ಹೋಗಿಬರಾಕ ಕಾಯ್ದೆ ಬ್ಯಾಡ ಅಂದೈತೇನು?"

ನೋಂದಣಿ ಇನ್ನೂ ಮುಗಿದಿಲ್ಲವಾದರೂ ಈ ಎಂಜಿನ್ನಿನಿಂದ ಹೋಗುವುದು ತಪ್ಪು ಎಂದು ತಿಳಿಸಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು ಕಿಟಕಿ ಏರಿಸಿಕೊಂಡಳು. ಅಲ್ಲಿಂದ ನೇರ ಮನೆಗೆ ಬಂದೆವು.

ಮರುತಿಂಗಳು ನೋಂದಣಿ ಮುಗಿಯಿತು. ಕಾರನ್ನು ಗುಜರಿಗೆ ಕೊಟ್ಟೆವು. ನನ್ನ ಹೆಂಡತಿ ಈಗ ತಿಂಗಳಿಗೊಮ್ಮೆ ಬಾಡಿಗೆ ಗಾಡಿಯಲ್ಲಿ ತಂಬೂರಿಗೆ ಹೋಗಿ ಬರುತ್ತಾಳೆ.