ಕೇಕ್ ಮಾಡಿದ್ದು ನನ್ನ ಮಗ

ಕಳೆದ ವರ್ಷ ಡಿಸೆಂಬರ್ ತಿಂಗಳ ಒಂದು ಭಾನುವಾರ. ಹೊಸಪೇಟೆಯ ಕಲ್ಯಾಣ ಮಂಟಪವೊಂದರಲ್ಲಿ ಅಲಂಕಾರಿಕ ಕೇಕ್‌ಗಳ ಸ್ಪರ್ಧೆ ಇತ್ತು. ನಾವು ಸಂಡೂರಿನ ಹತ್ತಿರದ ಯಶವಂತನಗರದವರು. ನಾನು ಗಣಿ ಕಾರ್ಮಿಕರ ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದು ನಿವೃತ್ತಳಾದವಳು. ಓಣಿಯವರು ಈಗಲೂ ನನ್ನನ್ನು ‘ಸಿಸ್ಟರ್’ ಎಂದೇ ಕರೆಯುತ್ತಾರೆ. ಮಗ ಬಸವರಾಜ ಗಣಿಯಲ್ಲಿ ಅದಿರು ತೋಡಿ ಟಿಪ್ಪರ್‌ಗೆ ತುಂಬುವ ದೊಡ್ಡ ಯಂತ್ರದ ಆಪರೇಟರ್. ಅವನ ಹೆಂಡತಿ ರೇಣುಕಾ, ಒಂಬತ್ತು ವರ್ಷದ ಮಗಳು ಸಿಂಚನಾ. ಇಷ್ಟೇ ನಮ್ಮ ಸಂಸಾರ.

ಮನೆಯಲ್ಲಿ ಕೇಕ್ ಮಾಡುವವನು ಬಸವರಾಜ. ಲಾಕ್‌ಡೌನ್ ಕಾಲದಲ್ಲಿ ಬೇಕರಿಗಳು ಮುಚ್ಚಿದ್ದಾಗ, ಮಗಳ ಹುಟ್ಟುಹಬ್ಬಕ್ಕೆಂದು ಫೋನಿನಲ್ಲಿ ನೋಡಿಕೊಂಡು ಕುಕ್ಕರಿನಲ್ಲಿ ಮೊದಲ ಕೇಕ್ ಮಾಡಿದ. ನಮ್ಮದು ಮೊಟ್ಟೆ ತರದ ಮನೆ. ಮೊಸರು ಹಾಕಿಯೇ ಹದ ಹಿಡಿದ. ಆಮೇಲೆ ಆ ಹುಚ್ಚು ಅವನನ್ನು ಬಿಡಲಿಲ್ಲ. ಶಿಫ್ಟ್ ಮುಗಿಸಿ ಬಂದು, ಮೈಮೇಲಿನ ಕೆಂಪು ಧೂಳು ತೊಳೆದುಕೊಂಡು ನೇರ ಅಡುಗೆಮನೆ ಸೇರುತ್ತಿದ್ದ. ಆದರೆ ಹೊರಗೆ ಹೇಳುವಂತಿರಲಿಲ್ಲ. ಗಣಿಯ ಗೆಳೆಯರು ಆಡಿಕೊಂಡಾರೆಂಬ ನಾಚಿಕೆ. ನಾನೂ ಅಕ್ಕಪಕ್ಕದ ಮನೆಗಳಿಗೆ ಕೇಕ್ ಹಂಚುವಾಗ “ಸೊಸಿ ಮಾಡ್ಯಾಳ, ತಿನ್ರಿ” ಎಂದೇ ಕೊಡುತ್ತಿದ್ದೆ.

ಸ್ಪರ್ಧೆಯ ದಿನ ಬೆಳಿಗ್ಗೆ ಆರೂವರೆಗೆ ಬಾಡಿಗೆ ಗಾಡಿ ಹೊರಡಬೇಕೆಂದು ಹೇಳಿದ್ದೆ, ಆರೂವರೆಗೆ ಹೊರಟಿತು. ಅದಿರು ಲಾರಿಗಳ ಸಾಲು ಬೆಳೆಯುವ ಮೊದಲು ಗುಡ್ಡದ ದಾರಿ ದಾಟಬೇಕಿತ್ತು. ಕೇಕಿನ ಡಬ್ಬಿಯನ್ನು ಬಸವರಾಜ ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಸಿಂಚನಾ ಮುಂದೆ ಕೂತು, “ಹಂಪ್ ಬಂತು, ಅಪ್ಪಾ ಎತ್ತು!” ಎಂದು ಕೂಗುವುದು, ಇವನು ಡಬ್ಬಿ ಎತ್ತಿ ಹಿಡಿಯುವುದು. ಹೊಸಪೇಟೆ ಮುಟ್ಟುವವರೆಗೆ ಇದೇ ಕಸರತ್ತು.

ಮಂಟಪದ ಒಳಗೆ ಉದ್ದಕ್ಕೆ ಟೇಬಲ್‌ಗಳು. ಹಂಪಿಯ ಕಲ್ಲಿನ ರಥದ ಕೇಕ್‌ಗಳೇ ನಾಲ್ಕು. ಕಂಪ್ಲಿಯ ಅಕ್ಕತಂಗಿಯರು ಬಾಳೆಗೊನೆ ಮಾಡಿ ತಂದಿದ್ದರು. ನಮ್ಮ ಕೇಕ್ ಲಂಬಾಣಿ ಕಸೂತಿಯ ಚೀಲ. ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳು ಹಾಕುವ ಹೊಲಿಗೆಯನ್ನು ಬಸವರಾಜ ಬಣ್ಣದ ಕ್ರೀಮಿನ ಎಳೆಗಳಲ್ಲಿ ಮೂಡಿಸಿದ್ದ. ಸಕ್ಕರೆ ಪಾಕವನ್ನು ತೆಳ್ಳಗೆ ಹರಡಿ ಮಾಡಿದ ಕನ್ನಡಿಗಳು, ಬಿಳಿ ಕ್ರೀಮಿನ ಕವಡೆಗಳು. ಅದನ್ನು ಹೊರಗೆ ತೆಗೆದಾಗ ಪಕ್ಕದ ಟೇಬಲ್ಲಿನವಳು, “ಇದು ಅರಿವೀನೋ ಕೇಕೋ?” ಎಂದು ಬೆರಳು ಮುಂದೆ ತಂದಳು. ಸಿಂಚನಾ ಅವಳ ಕೈ ತಡೆದಳು.

ಆಗಲೇ ನಾನು ಕೇಕಿನ ಮುಂದಿದ್ದ ಚೀಟಿ ಓದಿದ್ದು. ‘ಶ್ರೀಮತಿ ರೇಣುಕಾ, ಯಶವಂತನಗರ’ ಎಂದಿತ್ತು.

“ಏನೋ ಇದು?” ಎಂದೆ.

“ಸುಮ್ನಿರವ್ವಾ. ನನ್ ಹೆಸರು ಕೊಟ್ರ ನಾಳೆ ಸೈಟಿನಾಗ ತಲಿ ಎತ್ತಂಗಿಲ್ಲ,” ಎಂದ.

ಅವನ ಭಯವೂ ಸುಳ್ಳಾಗಿರಲಿಲ್ಲ. ಅವನದೇ ಗಣಿಯಲ್ಲಿ ಟಿಪ್ಪರ್ ಓಡಿಸುವ ಶೇಖರ, ಹೆಂಡತಿ ಮಕ್ಕಳನ್ನು ಕರೆದುಕೊಂಡು ನೋಡಲು ಬಂದಿದ್ದ. ದೂರದಿಂದಲೇ ಕೂಗಿದ: “ಲೇ ಬಸ್ಯಾ! ಹೆಂಡ್ತಿ ಕೇಕ್ ಹೊರಾಕ ಬಂದಿಯೇನಲೇ?” ಬಸವರಾಜ ನಕ್ಕಂತೆ ಮಾಡಿ ಎರಡು ಹೆಜ್ಜೆ ಹಿಂದೆ ಸರಿದ.

ಹನ್ನೊಂದಕ್ಕೆ ತೀರ್ಪುಗಾರರು ಬಂದರು. ಮುಖ್ಯರಾದವರು ಬಳ್ಳಾರಿಯಲ್ಲಿ ಕೇಕ್ ಕಲಿಸುವ ಒಬ್ಬ ಮೇಡಂ. ಹಿಂದೊಮ್ಮೆ ಯಾರೋ ಅಂಗಡಿಯ ಕೇಕ್ ತಂದಿಟ್ಟಿದ್ದರಂತೆ. ಅದಕ್ಕೆ ಈ ಸಲ ಎಲ್ಲರ ಕೈಯಲ್ಲೂ ಅಲ್ಲೇ ಸ್ವಲ್ಪ ಕೆಲಸ ಮಾಡಿಸಿ ನೋಡುತ್ತಿದ್ದರು. ನಮ್ಮ ಟೇಬಲ್ಲಿನ ಮುಂದೆ ಬಹಳ ಹೊತ್ತು ನಿಂತರು. ನಂತರ ರೇಣುಕಾಳಿಗೆ ಹೇಳಿದರು: “ಭಾಳ ಛಲೋ ಐತ್ರಿ. ಈ ಅಂಚಿನಾಗ ಒಂದಿಷ್ಟು ಜಾಗ ಖಾಲಿ ಐತಲ್ಲ, ಅದ ಕಸೂತಿ ಇಲ್ಲಿ ಹಾಕಿ ತೋರಸ್ರಿ. ಹತ್ತು ನಿಮಿಷ.”

ರೇಣುಕಾ ಮನೆಯಿಂದ ತಂದಿದ್ದ, ಬಣ್ಣದ ಕ್ರೀಮ್ ತುಂಬಿದ ಕೋನ್‌ಗಳಲ್ಲಿ ಒಂದನ್ನು ಕೈಗೆತ್ತಿಕೊಂಡಳು. ಒತ್ತಿದ ಕೂಡಲೇ ಒಂದು ಗಟ್ಟಿ ಕೆಂಪು ಮುದ್ದೆ ತಟ್ಟೆಗೆ ಬಿತ್ತು. “ಗಾಬರಿ ಆಗಬ್ಯಾಡ್ರಿ,” ಎಂದರು ಮೇಡಂ. ಎರಡನೆಯ ಸಲ ಗೆರೆ ಹಾವಿನಂತೆ ಹರಿಯಿತು. ರೇಣುಕಾ ಗಂಡನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಮೇಡಂ ತಮ್ಮ ಹಾಳೆಯಲ್ಲಿ ಆ ಹೆಸರಿನ ಮೇಲೆ ಗೆರೆ ಎಳೆಯಲು ಪೆನ್ನು ತೆಗೆದರು.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟವಳೇ ರಿಜಿಸ್ಟರಿನಲ್ಲಿ ಸಹಿ ಮಾಡಬೇಕಿತ್ತು. ಒಬ್ಬಳ ಕೆಲಸಕ್ಕೆ ಇನ್ನೊಬ್ಬಳು ಸಹಿ ಹಾಕಿದ್ದಕ್ಕೆ ಹೊಸ ಹುಡುಗಿಯರನ್ನು ನಾನು ಅಳುವಂತೆ ಬೈದಿದ್ದೇನೆ. ಅಂಥವಳು ಇಷ್ಟು ವರ್ಷ ಮಗನ ಕೆಲಸಕ್ಕೆ ಸೊಸೆಯ ಹೆಸರು ಹಾಕಿ ಓಣಿಗೆಲ್ಲ ಹಂಚಿದ್ದೆ. ಈಗ ಅವನ ಕಸೂತಿಯನ್ನು ಕೊಂಡುತಂದ ಕೇಕ್ ಎಂದು ಹೊರಗೆ ಹಾಕುವುದನ್ನು ನೋಡುತ್ತ ನಿಲ್ಲಲು ನನ್ನಿಂದಾಗಲಿಲ್ಲ.

“ಮೇಡಂ, ಚೀಟಿಯೊಳಗಿನ ಹೆಸರು ತಪ್ಪೈತ್ರಿ,” ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. “ಈ ಕೇಕ್ ಮಾಡಿದ್ದು ನನ್ನ ಮಗ.”

ಸುತ್ತ ಗುಸುಗುಸು ಶುರುವಾಯಿತು. ಸಂಘಟಕರೊಬ್ಬರು ಓಡಿ ಬಂದು, “ಹೆಸರು ಬ್ಯಾರೆ ಇದ್ರ ನಡೆಯಂಗಿಲ್ರಿ,” ಎಂದರು. ಮೇಡಂ ಸಂಘಟಕರ ಕಡೆ ತಿರುಗಿ ಕೇಳಿದರು: “ಗಂಡಸರು ಮಾಡಬಾರದು ಅಂತ ನಿಯಮದಾಗ ಐತೇನ್ರಿ?” ಅವರು ಹಾಳೆ ತಿರುವಿ ನೋಡಿದರು. ಹಾಗೇನೂ ಇರಲಿಲ್ಲ. “ಹಂಗಾದ್ರ ಮಾಡಿದೋರು ಬರ್ಲಿ. ಕೈ ನೋಡಿ ಹೇಳ್ತೀನಿ,” ಎಂದರು ಮೇಡಂ.

ಬಸವರಾಜ ಕದಲಲಿಲ್ಲ. ಅವನ ಕಣ್ಣು ಶೇಖರನ ಮೇಲಿತ್ತು. ಆಗ ಸಿಂಚನಾ ಕೋನ್ ತೆಗೆದುಕೊಂಡು ಹೋಗಿ ಅವನ ಕೈಗಿಟ್ಟಳು. “ಅಪ್ಪಾ, ಜಲ್ದಿ. ಟೈಮ್ ಹೊಂಟೈತಿ.”

ಅವನು ಶರ್ಟಿನ ತೋಳು ಮಡಿಚಿದ. ನಾನು ಅಭ್ಯಾಸದಂತೆ ಗಡಿಯಾರ ನೋಡಿಕೊಂಡೆ. ಮೊದಲ ಎಳೆ ಬಿಟ್ಟ ಮೇಲೆ ಅವನಿಗೆ ಮಂಟಪದ ನೆನಪೇ ಉಳಿಯಲಿಲ್ಲವೆಂದು ಕಾಣುತ್ತದೆ. ಕೆಂಪು, ಹಳದಿ, ನೀಲಿ. ಸೂಜಿ ಕುತ್ತಿ ಎಳೆದಷ್ಟು ಸಣ್ಣ ಹೊಲಿಗೆ, ಒಂದರ ಪಕ್ಕ ಒಂದು. ಆ ದಪ್ಪ ಬೆರಳುಗಳಲ್ಲಿ ಒಂದು ಎಳೆಯೂ ತಪ್ಪಲಿಲ್ಲ. ಅಕ್ಕಪಕ್ಕದ ಟೇಬಲ್ಲಿನವರು ನೋಡಲು ಹತ್ತಿರ ಬಂದರು. ಕೊನೆಯ ಕವಡೆ ಇಟ್ಟು ಅವನು ಬೆನ್ನು ನೆಟ್ಟಗೆ ಮಾಡಿದಾಗ ಆಗಿದ್ದು ಏಳು ನಿಮಿಷ.

ಮೊದಲ ಶಿಳ್ಳೆ ಹೊಡೆದವನು ಶೇಖರ. ಜನರನ್ನು ಸರಿಸಿಕೊಂಡು ಬಂದು ಬಸವರಾಜನ ಬೆನ್ನಿಗೆ ಗುದ್ದಿದ. “ಮಸ್ತ್ ಲೇ ಮಗನ! ಬರೋ ತಿಂಗಳು ನನ್ ಮಗಂದು ಬರ್ತ್‌ಡೇ ಐತಿ. ಟಿಪ್ಪರ್ ಕೇಕ್ ಮಾಡಬೇಕ್ ನೋಡು. ನಂಬರ್ ಪ್ಲೇಟ್ ಸಮೇತ!”

ಮಧ್ಯಾಹ್ನ ಮೂರಕ್ಕೆ ಫಲಿತಾಂಶ. “ಮೊದಲನೇ ಬಹುಮಾನ, ಯಶವಂತನಗರದ ಬಸವರಾಜ” ಎಂದಾಗ ಎಲ್ಲರಿಗಿಂತ ಮೊದಲು ಎದ್ದು ನಿಂತವಳು ರೇಣುಕಾ. ಚಪ್ಪಾಳೆ ತಟ್ಟುತ್ತಲೇ ನನಗೆ ಹೇಳಿದಳು: “ಅತ್ತಿ, ಇನ್ನ ಮ್ಯಾಲೆ ಕೇಕ್ ಪಾತ್ರೆ ತಿಕ್ಕೋದೂ ಅವರ ಹೆಸರಿಗೇ ಇರ್ಲಿ.”

ಮರುದಿನ ಬೆಳಿಗ್ಗೆ ಕೇಕಿನ ತುಂಡುಗಳನ್ನು ಡಬ್ಬಿಗೆ ತುಂಬಿಕೊಂಡು ಬಸವರಾಜ ಶಿಫ್ಟಿಗೆ ಹೋದ. ನಾನು ಉಳಿದದ್ದನ್ನು ತಟ್ಟೆಯಲ್ಲಿಟ್ಟುಕೊಂಡು ನಮ್ಮ ಸಾಲಿನ ಎಂಟು ಮನೆಗೂ ಹೋದೆ. “ಇದನ್ನ ಮಾಡಿದ್ದು ನನ್ನ ಮಗ. ಹಿಂದಿನವೂ ಅವನ ಮಾಡಿದ್ದು. ನಾ ಸುಳ್ಳು ಹೇಳಿದ್ದೆ,” ಎಂದು ಮನೆಮನೆಗೂ ಒಂದೇ ಮಾತು. ಕಡೆಯ ಮನೆಯ ಗಂಗಮ್ಮ ತುಂಡನ್ನು ಬಾಯಿಗೆ ಹಾಕಿಕೊಂಡು ಹೇಳಿದಳು: “ಗೊತ್ತೈತಿ ಬಿಡ್ರಿ ಸಿಸ್ಟರ್. ಕಿಡಕ್ಯಾಗಿಂದ ದಿನಾ ಕಾಣ್ತಿದ್ದ. ನೀವ ಹೇಳವಲ್ರಿ ಅಂತ ನಾವು ಸುಮ್ನಿದ್ವಿ.”

ಔಷಧಿ ಕೊಡುವುದಿರಲಿ, ಊಟಕ್ಕೆ ಕೂರುವುದಿರಲಿ, ಹೊತ್ತು ತಪ್ಪಿಸಿದವಳಲ್ಲ ನಾನು. ಈ ಒಂದು ಮಾತನ್ನು ಮಾತ್ರ ವರ್ಷಗಟ್ಟಲೆ ತಡವಾಗಿ ಹೇಳಿದೆ. ಆದರೂ ಮಂಟಪದಲ್ಲಿ ಅಷ್ಟು ಜನರ ನಡುವೆ ಅದನ್ನು ಹೇಳಿದ ಖುಷಿ ಇವತ್ತಿಗೂ ನನ್ನ ಎದೆಯಲ್ಲಿ ಹಾಗೇ ಇದೆ.