ಗೇರ್ ಕೆಡಿಸಿದವನು ವೈಜನಾಥನಲ್ಲ

ಪಲ್ಲವಿ, ಸ್ನೇಹಾ — ನಿಮ್ಮ ಮುತ್ಯಾನ ಆ ಕರಿ ಗಾಡಿಯ ಗೇರ್ ಕೆಡಿಸಿದ್ದು ಡ್ರೈವರ್ ವೈಜನಾಥ ಅಲ್ಲ. ನಾನು. ನಿಮ್ಮ ಆಯಿ.

ಇದನ್ನು ಬಾಯಿಂದಲೇ ಹೇಳಬೇಕೆಂದು ಎರಡು ಸಲ ನಿಮ್ಮ ಕೋಣೆಗೆ ಬಂದೆ. ಎರಡು ಸಲವೂ ಚಹಾ ಬೇಕೇನು ಎಂದು ಕೇಳಿ ಹಿಂದಿರುಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ಏಳನೆಯವರೆಗೆ ಕಲಿತ ಅಕ್ಷರ, ಓದಲು ಸ್ವಲ್ಪ ಕಷ್ಟವಾದೀತು.

ಹೋದ ವಾರ ಪಲ್ಲವಿ ಕಾರು ಕಲಿಯುವಾಗ ಗಾಡಿ ಧಡ್ ಎಂದು ಜಗ್ಗಿತು. ಹಿಂದಿನ ಸೀಟಿನಿಂದ ಸ್ನೇಹಾ, “ವೈಜನಾಥ ಕಾಕಾ ಬಂದ್ರು ನೋಡ್ರಿ!” ಎಂದು ಕೂಗಿದಳು. ನಮ್ಮ ಮನೆಯ ಹಳೆಯ ಚಾಷ್ಟಿ, ತಮಾಷೆಯ ಮಾತು ಅದು. ಮಿಕ್ಸರ್ ನಡುಗಿದರೂ ವೈಜನಾಥ, ಬಸ್ಸು ಕುಲುಕಿದರೂ ವೈಜನಾಥ. ಎಲ್ಲರೂ ನಕ್ಕಿರಿ. ನಾನೂ ನಕ್ಕೆ. ಆಮೇಲೆ ಅನಿಸಿತು — ಸ್ನೇಹಾಗೆ ಆ ಮನುಷ್ಯನ ಮುಖ ಕೂಡ ನೆನಪಿಲ್ಲ; ಅವನ ಹೆಸರು ಮಾತ್ರ ನಮ್ಮ ನಗುವಿಗೆಂದು ಉಳಿದಿದೆ.

ನನ್ನವರು, ನಿಮ್ಮ ಮುತ್ಯಾ, ತೀರಿಕೊಂಡ ಮರುವರ್ಷದ ಮಾತು. ನೀವಿಬ್ಬರೂ ತೀರ ಸಣ್ಣವರು. ಯಾರೋ ಓಡಿಸಿ ಬಿಟ್ಟದ್ದನ್ನು ಅವರು ಆಸೆಪಟ್ಟು ಕೊಂಡಿದ್ದ ಆ ದೊಡ್ಡ ಗಾಡಿ ಭಾಲ್ಕಿಯ ಮನೆಯ ಮುಂದೆ ಆನೆಯಂತೆ ನಿಂತಿರುತ್ತಿತ್ತು. ಚರ್ಮದ ಸೀಟು, ಬಾಗಿಲು ಮುಚ್ಚಿದರೆ ಹೊರಗಿನ ಸದ್ದೇ ಇಲ್ಲ, ಗೇರನ್ನು ತಾನೇ ಬದಲಿಸಿಕೊಳ್ಳುತ್ತಿತ್ತು. ನಿಮ್ಮಪ್ಪ ಅಂಗಡಿಗೆ ಬೈಕಿನಲ್ಲೇ ಹೋಗುತ್ತಿದ್ದ. ಸೋಮವಾರಕ್ಕೊಮ್ಮೆ ವೈಜನಾಥ ನನ್ನನ್ನು ಸಂತಪುರದ ಆಚೆ, ಔರಾದ್ ಕಡೆಗಿರುವ ನಮ್ಮ ಹೊಲಕ್ಕೆ ಕರೆದೊಯ್ಯುತ್ತಿದ್ದ. ಅವನು ಸಂತಪುರದವನು, ಮುತ್ಯಾನ ಕಾಲದಿಂದಲೂ ನಮ್ಮ ಡ್ರೈವರ್. ಸೀಟಿನ ಮೇಲೆ ತುಂಬಿದ ಕೊಡ ಇಟ್ಟರೂ ನೀರು ತುಳುಕದಂತೆ ಓಡಿಸುತ್ತಾನೆ ಎಂದು ಇಡೀ ಭಾಲ್ಕಿಯಲ್ಲಿ ಹೆಸರಿತ್ತು.

ಒಂದು ಸೋಮವಾರ, ಹೊಲದ ಕಚ್ಚಾ ದಾರಿಯಲ್ಲಿ, ನಾನು — ಧೈರ್ಯ ಎಲ್ಲಿಂದ ಬಂತೋ ಇವತ್ತಿಗೂ ತಿಳಿಯದು — “ಇದರಾಗ ಕ್ಲಚ್ ಇಲ್ಲಂತಲ್ಲ ವೈಜನಾಥ, ಹಂಗಾರ ನನಗೂ ಬರ್ತದೇನು?” ಎಂದು ಕೇಳಿದೆ.

ಅವನು ಗಾಡಿ ನಿಲ್ಲಿಸಿ, ಇಳಿದು ಬಂದು ಬಾಗಿಲು ತೆರೆದ. “ಬರ್ರಿ ಅವ್ವಾರ. ಒದಿಯೋ ಎಮ್ಮಿ ಹಿಂಡಾವರಿಗಿ ಇದೇನ್ ದೊಡ್ಡ ಮಾತ್ರಿ?”

ಆ ಸುಖವನ್ನು ಹೇಗೆ ಬರೆಯಲಿ ಮಕ್ಕಳೇ! ತೊಗರಿ ಹೂಬಿಟ್ಟ ದಿನಗಳು. ಎರಡೂ ಕಡೆ ಹಳದಿಯೋ ಹಳದಿ. ಅಷ್ಟು ದೊಡ್ಡ ಗಾಡಿ ನನ್ನ ಪಾದದ ಮಾತು ಕೇಳಿ ಹೊರಟಿತು. ಹುಟ್ಟಿದಾಗಿನಿಂದ ಯಾರದೋ ಹಿಂದೆ ಕುಳಿತು ಹೋದವಳು ನಾನು — ಬಂಡಿಯಲ್ಲಿ, ಸೈಕಲ್ಲಿನಲ್ಲಿ, ಬಸ್ಸಿನಲ್ಲಿ. ಗಂಡ ಸತ್ತವಳು ಗಟ್ಟಿಯಾಗಿ ನಗಬಾರದು ಅನ್ನುತ್ತಾರೆ. ನಕ್ಕೆ. ಪಕ್ಕದಲ್ಲಿ ದೇವರನ್ನು ನೆನೆಯುತ್ತ ಕುಳಿತಿದ್ದ ವೈಜನಾಥನೂ ನಕ್ಕುಬಿಟ್ಟ. ಲೈಸೆನ್ಸ್ ಇರಲಿಲ್ಲ, ಆ ತಪ್ಪನ್ನೂ ನನ್ನ ಲೆಕ್ಕಕ್ಕೇ ಸೇರಿಸಿಕೊಳ್ಳಿ. ಆಮೇಲೆ ಪ್ರತಿ ಸೋಮವಾರವೂ ನನಗೆ ಹಬ್ಬವೇ. “ಮನ್ಯಾಗ ಹೇಳಬ್ಯಾಡ” ಎಂದಿದ್ದೆ. “ಜೀವ ಹೋದ್ರೂ ಇಲ್ರಿ” ಎಂದಿದ್ದ.

ತಪ್ಪು ಎಲ್ಲಾಯಿತೆಂದರೆ — ಕೆಳಗೆ ಎರಡು ಪೆಡಲ್, ನನಗೆ ಎರಡು ಕಾಲು. ಜೀವನವಿಡೀ ಹೊಲಿಗೆ ಯಂತ್ರ ತುಳಿದವಳು. ಒಂದು ಕಾಲನ್ನು ಸುಮ್ಮನೆ ಕೂರಿಸುವುದೇ ನನಗೆ ಗೊತ್ತಿಲ್ಲ. ಬಲಗಾಲು ರೇಸಿನ ಮೇಲೆ, ಎಡಗಾಲು ಬ್ರೇಕಿನ ಮೇಲೆ, ಎರಡನ್ನೂ ಒಟ್ಟಿಗೆ ಒತ್ತಿಯೇ ಓಡಿಸುತ್ತಿದ್ದೆ. “ಅವ್ವಾರ, ಎಡಗಾಲ್ ತಗೀರಿ, ಅದಕ ಇಲ್ಲಿ ಕೆಲಸಿಲ್ಲ” ಎಂದು ಅವನು ಹೇಳುತ್ತಲೇ ಇದ್ದ. ತೆಗೆಯುತ್ತಿದ್ದೆ. ತಗ್ಗು ಕಂಡರೆ ಕಾಲು ತಾನಾಗಿ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ಬೇಸಿಗೆಯ ಹೊತ್ತಿಗೆ ಗಾಡಿ ಜಗ್ಗತೊಡಗಿತು. ಬೆಳಿಗ್ಗೆ ತಣ್ಣಗಿದ್ದಾಗ ಸರಿಯಾಗಿಯೇ ಇರುತ್ತಿತ್ತು. ಓಡಿ ಬಿಸಿಯಾದ ಮೇಲೆ, ಎರಡನೇ ಗೇರಿನಿಂದ ಮೂರಕ್ಕೆ ಏರುವಾಗ, ಹಿಂದಿನಿಂದ ಯಾರೋ ಗುದ್ದಿದಂತಾಗುತ್ತಿತ್ತು. ನಿಮ್ಮಪ್ಪ, ವೈಜನಾಥ ಇಬ್ಬರೂ ಬೀದರಿನ ಗ್ಯಾರೇಜಿಗೆ ಹೊರಟರು. ಕಣ್ಣು ತೋರಿಸುವ ನೆಪದಲ್ಲಿ ನಾನೂ ಹೋದೆ.

ಅಲ್ಲಿಯ ಉಸ್ತಾದ್ ವಯಸ್ಸಾದ ಮನುಷ್ಯ, ಇಂಥ ಗಾಡಿಗಳಲ್ಲಿ ಪಳಗಿದ ಕೈ. ಬಂದ ಕೂಡಲೇ ಬಿಚ್ಚಲಿಲ್ಲ. ಬಗದಲ್ ದಾರಿಯಲ್ಲಿ ಒಂದು ಸುತ್ತು ಓಡಿಸಿ ಜಗ್ಗುವುದನ್ನು ತಾನೇ ನೋಡಿಕೊಂಡ. ಸ್ಟೇರಿಂಗಿನ ಕೆಳಗೆ ಸ್ಕ್ಯಾನರ್ ಚುಚ್ಚಿದ — ಕರೆಂಟಿನ ದೋಷವೇನೂ ಇಲ್ಲ. ಗೇರ್ ಬಾಕ್ಸಿನಿಂದ ಸ್ವಲ್ಪ ಎಣ್ಣೆ ಇಳಿಸಿ ಬಿಳಿ ಕಾಗದದ ಮೇಲೆ ಹನಿಸಿದ. ಕೆಂಪಗಿರಬೇಕಾದ ಎಣ್ಣೆ ಕರ್ರಗಿತ್ತು. ಸುಟ್ಟ ವಾಸನೆ ನಾನು ಕುಳಿತ ಕುರ್ಚಿಯವರೆಗೂ ಬಂತು. ಕೊನೆಗೆ ಚಕ್ರ ಬಿಚ್ಚಿದ. ಈಚೆಗಷ್ಟೇ ಹಾಕಿಸಿದ್ದ ಬ್ರೇಕ್ ಪ್ಯಾಡು ಸವೆದು ಹಪ್ಪಳದಂತಾಗಿತ್ತು. ಅದನ್ನು ಎತ್ತಿ ಹಿಡಿದು ನಕ್ಕ.

“ಅರೆ ಭಾಯಿ, ಗೇರ್ ಬಾಕ್ಸಿಂದೇನೂ ಕಸೂರ್ ಇಲ್ಲ. ಬ್ರೇಕ್ ಒತ್ತಿ ಹಿಡದು ರೇಸ್ ಕೊಟ್ಟಾರ, ಎಣ್ಣಿ ಸುಟ್ಟದ. ಅದಕ್ಕೇ ಜಗ್ಗಲತ್ತದ. ಎರಡೂ ಕಾಲ್ ಹಾಕಿ ಓಡಸಾವರು ಯಾರ್ ಇದ್ದೀರಿ ನಿಮ್ಮಾಗ?”

“ಏನೋ ವೈಜನಾಥ?” ಎಂದ ನಿಮ್ಮಪ್ಪ.

ವೈಜನಾಥ ನನ್ನ ಕಡೆ ನೋಡಿದ. ನಾನು ಹೇಳುತ್ತೇನೆಂದು ಕಾದ — ಹೌದು, ಕಾದ, ಹೇಳುವಷ್ಟು ಸಮಯವಿತ್ತು. ನಾನು ಸೆರಗು ಸರಿಮಾಡಿಕೊಂಡೆ.

“ನಾನೇರಿ ಸಾವ್ಕಾರ್ರ,” ಎಂದ ಅವನು.

“ಇಷ್ಟ್ ವರ್ಷ ಓಡ್ಸಿ ಎರಡ್ ಕಾಲ್ ಹಾಕ್ತಿ? ವಯಸ್ಸಾತ್ ನಿನಗ. ಸಾಕ್, ಚಾವಿ ಕೊಡು.”

ಎಣ್ಣೆ ಬದಲಾಯಿಸಿದರು, ಹೊಸ ಪ್ಯಾಡು ಹಾಕಿದರು. ಗಾಡಿ ಬೆಣ್ಣೆಯಂತೆ ನಡೆಯಿತು. ವೈಜನಾಥ ಸಂತಪುರಕ್ಕೆ ಹೋದ. ಗೇರ್ ಬಾಕ್ಸ್ ಸುಟ್ಟವನು ಎಂಬ ಮಾತು ಭಾಲ್ಕಿಯಲ್ಲಿ ಹರಡಿ, ಮತ್ತೆ ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ. ಒಮ್ಮೆ ಔರಾದ್ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದ. “ಎಡಗಾಲು ಸುಮ್ಮನ ಕುಂತದೇನ್ರಿ ಅವ್ವಾರ?” ಎಂದು ಕೇಳಿ ತಾನೇ ನಕ್ಕ. ಒಂದು ಕೊಂಕು ಮಾತಿಲ್ಲ. ಅಂದಾದರೂ ನಾನು —

ಹೆದರಿದ್ದೆ ಎಂದರೆ ಅರ್ಧ ಮಾತಾಗುತ್ತದೆ. ನಿಮ್ಮಪ್ಪ ಬಯ್ಯುವ ಮಗನಲ್ಲ, ಹೇಳಿದ್ದರೆ ನಕ್ಕುಬಿಡುತ್ತಿದ್ದನೇನೋ. “ಅವ್ವ ತಪ್ಪು ಮಾಡುವವಳಲ್ಲ” ಎನ್ನುವ ಹೆಸರು ನನಗೆ ಬೇಕಾಗಿತ್ತು. ಅದನ್ನು ಉಳಿಸಿಕೊಳ್ಳಲು ಅವನ ಹೆಸರನ್ನು ಕೊಟ್ಟುಬಿಟ್ಟೆ. ಗಾಡಿ ಓಡಿಸಿದ್ದಕ್ಕೆ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ; ಆ ಸೋಮವಾರಗಳನ್ನು ನೆನೆದರೆ ಇವತ್ತಿಗೂ ಮೈ ಹಗುರಾಗುತ್ತದೆ. ಆ ಸಂತೋಷ ಕೊಟ್ಟವನನ್ನೇ ಕೈಬಿಟ್ಟೆನಲ್ಲ — ಅದು ನನ್ನ ತಪ್ಪು.

ಇನ್ನು ಮೇಲೆ ಆ ಚಾಷ್ಟಿಗೆ ನನ್ನ ಹೆಸರು ಹಾಕಿ. ಈ ಕಾಗದವನ್ನು ಮೊದಲು ನಿಮ್ಮಪ್ಪನಿಗೆ ಓದಿ ಹೇಳಿ. ಭಾನುವಾರ ಎಲ್ಲರೂ ಸಂತಪುರಕ್ಕೆ ಹೋಗೋಣ. ಒಳಗೆ ಬನ್ನಿ ಎಂದು ವೈಜನಾಥ ಕರೆಯುತ್ತಾನೆ; ನಾನು ಕೂಡಲೇ ಹೋಗುವುದಿಲ್ಲ. ಓಣಿಯಲ್ಲೇ ನಿಂತು, ಅವನ ಹೆಂಡತಿಯ ಮುಂದೆ, ಅಕ್ಕಪಕ್ಕದವರ ಮುಂದೆ ಹೇಳುತ್ತೇನೆ. ಅವನು ಬೇಡವೆಂದರೂ ಹೇಳುತ್ತೇನೆ. ನನ್ನ ದನಿ ಸಣ್ಣದೆಂದು ನಿಮಗೆ ಗೊತ್ತು. ಹಿಂದೆ ನಿಂತವರಿಗೆ ಕೇಳಿಸದಿದ್ದರೆ ಮತ್ತೊಮ್ಮೆ ಹೇಳುತ್ತೇನೆ.