ತುಕ್ಕು ತಡೆಯುವ ಗುಳಿಗೆ

ಮಾಳಿಗೆ ಮೇಲೆ ಬಾಡಿಗೆಗಿದ್ದ ಮೇಡಂ ಊರು ಬಿಡುತ್ತಾರೆ ಎಂದು ನಮ್ಮ ಯಜಮಾನರು ಹೇಳಿದಾಗ ನಾನು ಜೋಳದ ಹಿಟ್ಟು ಸಾಣಿಸುತ್ತಿದ್ದೆ.

ಆಕೆ ಔಷಧ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಕನ್ನಡಕದ ಮೇಲೆ ಕೂತ ಅದಿರು ಲಾರಿಗಳ ಕೆಂಧೂಳನ್ನು ಸೆರಗಿನಿಂದ ಒರೆಸಿಕೊಂಡೇ ಮಾತು ಶುರು ಮಾಡುವರು.

ಕೌಲ್ ಬಜಾರಿನಲ್ಲಿ ಲಾರಿ ರಿಪೇರಿ ಮಾಡುವ ಇವರು, ನಾನು ಕೊಟ್ಟ ಬಿಪಿ ಗುಳಿಗೆಯನ್ನು ಕಿಸೆಗೆ ಹಾಕಿ ಮರೆಯುವರು. ಒಂದು ಸಂಜೆ ಆಕೆ ಮೆಟ್ಟಿಲ ಮೇಲೆ ನಿಂತು ಹೇಳಿದರು: “ಅಣ್ಣಾರ, ಇದು ಬರೇ ಬಿಪಿ ಇಳಿಸೋದಲ್ಲ. ಲಾರಿ ತಗಡಿಗೆ ತುಕ್ಕು ಹಿಡಿದಂಗ ಎದಿಯೊಳಗೂ ಹಿಡೀತೈತಿ. ಅದನ್ನೂ ತಡೀತೈತಿ ಅಂತ ಇಲಿಗಳೊಳಗ ಕಂಡೀವಿ. ಮನುಷ್ಯಾರೊಳಗ ಇನ್ನೂ ನೋಡಬೇಕ್ರಿ.”

“ಇನ್ನೂ ನೋಡಬೇಕ್ರಿ” ಎಂಬುದು ಆಕೆಯ ಖಾಯಂ ಮಾತು. ಅವತ್ತಿನಿಂದ ಇವರು ದಿನಾ ತಪ್ಪದೆ ನುಂಗಿದರು. ಅಷ್ಟಾದರೂ ಆಯಿತಲ್ಲ ಎಂದು ಶಿವನಿಗೆ ಕೈಮುಗಿದೆ, ಆದರೂ ಹೊಟ್ಟೆ ಉರಿಯಿತು. ನಾನು ಅತ್ತು ಕರೆದರೂ ಇಳಿಯದ ಗುಳಿಗೆ ಆಕೆಯ ಒಂದು ಮಾತಿಗೆ ಗಂಟಲಲ್ಲಿ ಇಳಿಯಿತಲ್ಲ!

“ಮೇಡಂ ಹೋದ ಮ್ಯಾಲ ಗುಳಿಗಿ ತಗೊಂಡ್ರೇನು ಅಂತ ಕೇಳೋರು ಯಾರು?” ಎಂದು ಇವರು ಈಗ ನಕ್ಕರು.

“ನಾ ಸತ್ತೀನೇನ್ರಿ?” ಎಂದೆ.

ಇವರ ನಗು ನಿಂತಿತು. ಅಂಗೈ ಚಾಚಿ, “ಕೊಡು,” ಎಂದರು.

ಗುಳಿಗೆ ಹಾಕಿ, ನೀರು ಕೊಟ್ಟು, ನುಂಗುವ ತನಕ ಎದುರಿಗೇ ನಿಂತೆ. ಆಮೇಲೆ ಹಿಟ್ಟಿಗೆ ಎಸರು ಹಾಕಿದೆ.